ನೀಲವ್ವನ ಸಿಪಾಯಿಗಳು

ಬಾಯಿ ಕ್ಯಾನ್ಸರನ್ನು ಗೆದ್ದು ಬದುಕಿದವರ ರಕ್ತದಲ್ಲೇ ಅದರ ಔಷಧಿ ಇದೆ ಎಂದು ಗೊತ್ತಾದ ಮೇಲೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಿತ್ತಲಿನಲ್ಲಿದ್ದ ಹಾಸಿಗೆಗಳು ಪಡಸಾಲೆಗೆ ಬಂದವು. ಅರ್ಧ ದವಡೆ ಇಲ್ಲದ ಮುದುಕರಿಗೆ, ಸೆರಗಿನಿಂದ ಜೊಲ್ಲು ಒರೆಸಿಕೊಳ್ಳುತ್ತ ಕೂತಿದ್ದ ಹೆಂಗಸರಿಗೆ ಇದ್ದಕ್ಕಿದ್ದಂತೆ ಮರ್ಯಾದೆ ಬಂತು. ಹೆಣ್ಣು ನೋಡಲು ಹೋದವರು ‘ನಿಮ್ಮ ಮನ್ಯಾಗ ಗೆದ್ದವರು ಯಾರರ ಅದಾರೇನ್ರಿ?’ ಎಂದು ಕೇಳುವುದು ರೂಢಿಯಾಯಿತು. ಇದನ್ನೆಲ್ಲ ನೋಡಿ ನನಗೆ ಮೈ ಉರಿಯುತ್ತಿತ್ತು. ನನ್ನ ಅವ್ವ ನೀಲವ್ವನೂ ಗೆದ್ದವಳೇ. ಅವಳು ಗೆದ್ದು ಮನೆಗೆ ಬಂದಾಗ ಅವಳ ತಟ್ಟೆಯನ್ನು ದನದ ಕೊಟ್ಟಿಗೆಗೆ ಕಳಿಸಿದವನು ನನ್ನ ಅಪ್ಪ. ಅದೇ ಅಪ್ಪ ಈಗ ಬಾಯಿಗೆ ಟವೆಲ್ ಹಿಡಿದುಕೊಂಡು, ನಾನು ಕೆಲಸ ಮಾಡುವ ಹುಬ್ಬಳ್ಳಿಯ ಕಣದಾನ ಕೇಂದ್ರಕ್ಕೆ ಬಂದು ಕೂತಿದ್ದ.

ಕೇಂದ್ರದ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ಪ್ರತಿ ಜೀವಕೋಶದೊಳಗೂ ಡಿಎನ್‌ಎ ಎಂಬ ದಾರವಿದೆ. ಅದು ದಿನವೂ ಅಲ್ಲಲ್ಲಿ ಕಡಿಯುತ್ತದೆ, ಕೋಶದೊಳಗಿನ ರಿಪೇರಿಯವರು ದಿನವೂ ಹೊಲಿಯುತ್ತಾರೆ. ವರ್ಷಗಟ್ಟಲೆ ತಂಬಾಕು ಇಟ್ಟುಕೊಂಡ ಗಲ್ಲದಲ್ಲಿ ಕಡಿತ ಹೆಚ್ಚು, ಹೊಲಿಗೆ ಹಾಳು. ಹಾಗೆ ಅಡ್ಡಾದಿಡ್ಡಿ ಹೊಲಿದುಕೊಂಡ ಕೋಶವೊಂದು ಯಾರ ಮಾತೂ ಕೇಳದೆ ಬೆಳೆಯತೊಡಗಿದರೆ ಅದೇ ಗಡ್ಡೆ. ಗಡ್ಡೆಯೂ ರಿಪೇರಿಯವರನ್ನು ಬಿಟ್ಟುಕೊಡುವುದಿಲ್ಲ, ತಾನು ಸಾಯದಿರುವಷ್ಟು ಹೊಲಿಸಿಕೊಳ್ಳುತ್ತಲೇ ಇರುತ್ತದೆ. ನಾವು ಕೊಡುವ ಗುಳಿಗೆ ಆ ರಿಪೇರಿಯನ್ನೇ ನಿಲ್ಲಿಸುತ್ತದೆ. ಜನ ಅದಕ್ಕೆ ಬಂದ್ ಗುಳಿಗಿ ಎನ್ನುತ್ತಾರೆ, ಈಗ ನಮ್ಮ ಡಾಕ್ಟರರೂ ಹಾಗೇ ಎನ್ನುತ್ತಾರೆ. ರಿಪೇರಿ ನಿಂತಾಗ ಕಡಿದ ಡಿಎನ್‌ಎ ಚೂರುಗಳು ಕೋಶದ ನಡುವಿನ ತಿರುಳಿನಿಂದ ಹೊರಕ್ಕೆ ಚೆಲ್ಲುತ್ತವೆ. ಕೋಶ ಯಾವುದೋ ವೈರಸ್ ಹೊಕ್ಕಿತೆಂದು ಗಾಬರಿಬಿದ್ದು ಗಂಟೆ ಬಾರಿಸುತ್ತದೆ. ಆ ಗಂಟೆ ಕೇಳಿ ಓಡಿ ಬರಬೇಕಾದವು ರಕ್ತದ ಟಿ-ಕಣಗಳು, ಅಂದರೆ ಮೈಯ ಸಿಪಾಯಿಗಳು. ಆದರೆ ರೋಗಿಯ ಸಿಪಾಯಿಗಳಿಗೆ ಗಡ್ಡೆ ಮೊದಲೇ ಮಂಕು ಹಿಡಿಸಿರುತ್ತದೆ. ಅದಕ್ಕೇ ಗೆದ್ದವರ ಸಿಪಾಯಿಗಳು ಬೇಕು. ಅವು ಶತ್ರುವಿನ ಮುಖ ನೋಡಿವೆ, ಮರೆತಿಲ್ಲ.

ಎಲ್ಲರ ಸಿಪಾಯಿಗಳು ಎಲ್ಲರಿಗೂ ಆಗುವುದಿಲ್ಲ. ಕೊಡುವವರ ಮೈಯ ಗುರುತು ತೆಗೆದುಕೊಳ್ಳುವವರ ಮೈಗೆ ಹೊಂದಬೇಕು, ಇಲ್ಲದಿದ್ದರೆ ಸಿಪಾಯಿಗಳು ಕಂಡಕಂಡಲ್ಲಿ ಕಡಿಯುತ್ತವೆ. ಜೊತೆಗೆ ಎರಡೂ ಗಡ್ಡೆಗಳ ಗಾಯದ ಬಗೆ, ಅಂದರೆ ಡಿಎನ್‌ಎ ಕಡಿದುಕೊಂಡ ರೀತಿ, ಒಂದೇ ಆಗಿರಬೇಕು. ಇಂಥ ಜೋಡಿ ಊರಿಗೊಂದು ಸಿಕ್ಕರೆ ದೊಡ್ಡದು. ನಮ್ಮ ಮನೆಯಲ್ಲಿ ಮಾತ್ರ ಸಲೀಸಾಗಿ ಸಿಕ್ಕಿತು, ಯಾಕೆಂದರೆ ಅಪ್ಪ ಅವ್ವನಿಗೆ ಸೋದರಮಾವ. ನನ್ನ ಅಜ್ಜಿಯ ಸ್ವಂತ ತಮ್ಮ. ‘ಅಕ್ಕನ ಮಗಳು ನನ್ನ ಹಕ್ಕು’ ಎಂದು ಹಟ ಹಿಡಿದು ಕಟ್ಟಿಕೊಂಡವನು. ಮದುವೆಯಾದಂದಿನಿಂದ ಇಬ್ಬರೂ ಒಂದೇ ಚಂಚಿಯಿಂದ ಎಲೆ, ಅಡಿಕೆ, ಸುಣ್ಣ, ತಂಬಾಕು ತೆಗೆದು ತಿಂದರು. ಅವ್ವನಿಗೆ ತಂಬಾಕು ಕಲಿಸಿದವನೇ ಅವನು, ‘ಬಾಯಾಗ ಏನೂ ಇಲ್ಲದ ಹೆಂಗಸು ನನಗ ಸೇರಂಗಿಲ್ಲ’ ಎಂದು. ರಕ್ತವೂ ಒಂದೇ, ಚಂಚಿಯೂ ಒಂದೇ. ಯಂತ್ರ ಇಬ್ಬರ ಗುರುತನ್ನೂ ಓದಿ ಹಸಿರು ದೀಪ ಹಚ್ಚಿದಾಗ ನನಗೆ ಆ ಯಂತ್ರಕ್ಕೆ ಒದೆಯಬೇಕೆನಿಸಿತು.

ಅಪ್ಪನ ಹೆಸರು ಅಡಿವೆಪ್ಪ. ಬ್ಯಾಡಗಿಯಲ್ಲಿ ರೈತರ ಮೆಣಸಿನಕಾಯಿಯನ್ನು ಕಮಿಶನ್ನಿಗೆ ಮಾರಿಕೊಡುವ ಅಡತಿ ಅಂಗಡಿ. ಕಾಯಿ ಮುರಿದು ನಾಲಿಗೆಗೆ ಹಚ್ಚಿ ಇದು ಯಾವ ಹೊಲದ ಮಾಲು ಎಂದು ಹೇಳುತ್ತಾನೆಂದು ಹೊಗಳಿಸಿಕೊಂಡವನು. ಅವ್ವನ ಎಡಗಡೆಯ ದವಡೆ ತೆಗೆದು ಮನೆಗೆ ಕಳಿಸಿದಾಗ ನನಗೆ ಆರು ವರ್ಷ. ಅವಳ ಮಾತು ತೊದಲಾಯಿತು, ಅನ್ನ ತುಟಿಯಿಂದ ಜಾರುತ್ತಿತ್ತು. ಮನೆಗೆ ಬೀಗರು ಬಂದಾಗ ಅಪ್ಪ ಅವಳ ಹಾಗೆ ಬಾಯಿ ಸೊಟ್ಟ ಮಾಡಿ ಮಾತಾಡಿ ತೋರಿಸುತ್ತಿದ್ದ. ಅವರು ನಗುತ್ತಿದ್ದರು. ಅವ್ವ ನೀರಿನ ತಂಬಿಗೆ ಹಿಡಿದು ಅಲ್ಲೇ ನಿಂತಿರುತ್ತಿದ್ದಳು.

ಮುಂದಿನ ಸುಗ್ಗಿಯ ಹೊತ್ತಿಗೆ ಅವನಿಗೆ ಇನ್ನೊಂದು ಮದುವೆ ಬೇಕಾಯಿತು. ಹೊರಗೆ ಹುಡುಕುವ ಕಷ್ಟವನ್ನೂ ಪಡಲಿಲ್ಲ. ಅವ್ವನ ತಂಗಿ ಕಸ್ತೂರಿ ಇದ್ದಳಲ್ಲ, ಅವಳೂ ಅಕ್ಕನ ಮಗಳೇ, ಅವಳೂ ಹಕ್ಕೇ. ಅಜ್ಜಿ ಸುಮ್ಮನೆ ತಲೆಯಾಡಿಸಿದಳು. ಕಸ್ತೂರಿ ಚಿಕ್ಕವ್ವ ಹೊಸ ಸೀರೆ ಉಟ್ಟು ಒಳಗೆ ಬಂದಳು, ಅವ್ವ ನನ್ನ ಕೈ ಹಿಡಿದು ಹೊರಗೆ ಹೋದಳು. ಆಮೇಲೆ ಮಂದಿಯ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿದು ನನ್ನನ್ನು ಓದಿಸಿದಳು. ತೊಗಲು ಸುಲಿದ ಬಾಯಿಗೆ ಆ ಘಾಟು ಹೇಗಿರುತ್ತದೆಂದು ಅವಳು ಎಂದೂ ಹೇಳಲಿಲ್ಲ, ನನಗೆ ಕೇಳುವ ಧೈರ್ಯವೂ ಇರಲಿಲ್ಲ. ಅಪ್ಪ ಸಾಯಲಿ ಎಂದು ನಾನು ಬೇಡಿಕೊಳ್ಳದ ಸಂಜೆಯಿಲ್ಲ. ಚಿಕ್ಕವ್ವನ ಹೆಸರನ್ನೂ ಅದರ ಜೊತೆ ಸೇರಿಸುತ್ತಿದ್ದೆ.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಮಾಲಿನಿ ಇನಾಮದಾರ ಎಲ್ಲರನ್ನೂ ಕೂಡಿಸಿಕೊಂಡು ಮಾತಾಡಿದರು. ಒಂದು ಕಡೆ ಅಪ್ಪ ಮತ್ತು ಚಿಕ್ಕವ್ವ, ಇನ್ನೊಂದು ಕಡೆ ಅವ್ವ ಮತ್ತು ನಾನು. ಅಪ್ಪನ ಎದುರು ಎರಡು ದಾರಿಗಳಿದ್ದವು. ಒಂದು ಹಳೆಯದು, ಅವ್ವನಿಗೆ ಮಾಡಿದಂತೆ ದವಡೆ ತೆಗೆಯುವ ಆಪರೇಶನ್. ಗಡ್ಡೆ ಇನ್ನೂ ಕುತ್ತಿಗೆಗೆ ಇಳಿದಿಲ್ಲವಾದ್ದರಿಂದ ಜೀವಕ್ಕೆ ಭಯವಿಲ್ಲ. ಇನ್ನೊಂದು ಅವ್ವನ ಸಿಪಾಯಿಗಳು. ಅವು ಬಂದರೆ ದವಡೆ, ನಾಲಿಗೆ, ಮಾತು ಎಲ್ಲ ಉಳಿಯುತ್ತದೆ.

‘ಆಪರೇಶನ್ ಮಾತು ತಗೀಬ್ಯಾಡ್ರಿ ಡಾಕ್ಟರ,’ ಅಪ್ಪ ಟವೆಲ್ ಸರಿಸಿ ಹೇಳಿದ. ‘ಅರ್ಧ ಮಾರಿ ಹೊತ್ಕೊಂಡು ಗಂಜಿ ಕುಡಕೋತ ಕೂಡೂದು ಒಂದು ಬಾಳ್ವೆ ಅಂತೀರೇನು? ಅದಕ್ಕಿಂತ ಸಾಯೂದು ಚೊಲೊ.’

ಎದುರಿಗೆ ಅವ್ವ ಕೂತಿದ್ದಳು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಡಾಕ್ಟರ್ ಮುಖ ಕೆಂಪಾಯಿತು, ಆದರೂ ಶಾಂತವಾಗಿ ಅವ್ವನಿಗೆ ವಿವರಿಸಿದರು. ಹಳೆಯ ಸಿಪಾಯಿಗಳು ಮಲಗಿರುತ್ತವೆ, ಅವನ್ನು ಎಬ್ಬಿಸಬೇಕು. ಎಬ್ಬಿಸಲು ಅಪ್ಪನ ಗಡ್ಡೆಯ ಸತ್ತ ಚೂರನ್ನು ಅವ್ವನ ಗಲ್ಲದಲ್ಲಿ ಚುಚ್ಚಬೇಕು. ಜ್ವರ ಬರುತ್ತದೆ, ಹಳೇ ಗಾಯದ ಜಾಗ ಬಾತು ಉರಿಯುತ್ತದೆ. ಒಬ್ಬರನ್ನು ಜೀವಮಾನದಲ್ಲಿ ಒಮ್ಮೆ ಮಾತ್ರ ಹೀಗೆ ಎಬ್ಬಿಸಬಹುದು, ಎರಡನೆಯ ಸಲ ಸಿಪಾಯಿಗಳು ತಮ್ಮದೇ ಮೈಯನ್ನು ತಿನ್ನತೊಡಗುತ್ತವೆ. ಸಿಗುವ ಕಣಗಳು ಒಬ್ಬ ರೋಗಿಗೆ ಮಾತ್ರ ಸಾಕು.

‘ನೀಲವ್ವಾರ, ನಿಮಗ ಮನಸ್ಸಿಲ್ಲಂದ್ರ ಯಾರೂ ಒತ್ತಾಯ ಮಾಡೂದಿಲ್ಲ,’ ಎಂದರು ಡಾಕ್ಟರ್.

‘ಆಕಿ ಇಲ್ಲ ಅಂತಾಳೇನ್ರಿ?’ ಅಪ್ಪ ನಕ್ಕ. ‘ನನ್ನ ಅಕ್ಕನ ಮಗಳು ಆಕಿ. ನನ್ನ ತೊಡಿ ಮ್ಯಾಲ ಆಡಿ ಬೆಳೆದಾಕಿ.’

ಅವ್ವ ಅವನನ್ನು ನೋಡುತ್ತಿರಲಿಲ್ಲ. ಚಿಕ್ಕವ್ವನನ್ನು ನೋಡುತ್ತಿದ್ದಳು. ಚಹಾ ಬಂತು. ಚಿಕ್ಕವ್ವ ಅದನ್ನು ತುಂಬ ಹೊತ್ತು ಆರಿಸಿ, ಬಲಗಡೆಯಿಂದ ಮಾತ್ರ ಗುಟುಕರಿಸಿ, ಪ್ರತಿ ಗುಟುಕಿಗೂ ಕಣ್ಣು ಮುಚ್ಚುತ್ತಿದ್ದಳು. ಸೆರಗು ಬಾಯಿಂದ ಇಳಿಯಲೇ ಇಲ್ಲ. ಹಿರಿಯರ ಮುಂದೆ ನಾಚಿಕೆ ಎಂದುಕೊಂಡಿದ್ದೆ ನಾನು.

‘ಶಿವಲೀಲಾ,’ ಅವ್ವ ನನ್ನ ಕಿವಿಯಲ್ಲಿ ಹೇಳಿದಳು, ‘ಆಕಿ ಬಾಯಿ ನೋಡು.’

‘ನನಗ್ಯಾಕ ಬೇಕವ್ವಾ ಆಕಿ ಬಾಯಿ?’

‘ನೋಡು ಅಂದ್ನಿಲ್ಲ?’

ಕೈ ತೊಳೆಯುವ ನೆಪದಲ್ಲಿ ಚಿಕ್ಕವ್ವನನ್ನು ಕರೆದುಕೊಂಡು ಹೋದೆ. ಬಾಯಿ ತೆಗೆ ಎಂದಾಗ ಅವಳು ಗೋಡೆಗೆ ಒತ್ತಿಕೊಂಡಳು. ನಾನು ಮರ್ಯಾದೆ ನೋಡಲಿಲ್ಲ, ಗದ್ದ ಹಿಡಿದು ಟಾರ್ಚ್ ಬಿಟ್ಟೆ. ಎಡಗಲ್ಲದ ಒಳಗೆ ಬಿಳಿ ತೇಪೆ, ಅದರ ನಡುವೆ ಅಂಚು ಗಟ್ಟಿಯಾದ ಹುಣ್ಣು. ಅವ್ವನಿಗೆ ಬಂದ ಜಾಗದಲ್ಲೇ. ಚಂಚಿಯ ತಂಬಾಕನ್ನು ಅಪ್ಪ ಕಲಿಸಿದಂತೆ ಇಟ್ಟುಕೊಂಡರೆ ಅದು ಕೂರುವುದು ಅಲ್ಲೇ.

‘ಅಪ್ಪಗ ಗೊತ್ತೈತೇನು?’

‘ಗೊತ್ತೈತಿ.’ ಅವಳು ಸೆರಗನ್ನು ಮತ್ತೆ ಬಾಯಿಗೆ ಎಳೆದುಕೊಂಡಳು. ‘ಅಕ್ಕಗ ತಿಳಿಸಬ್ಯಾಡ ಅಂದಾರ. ಒಡಹುಟ್ಟಿದ ತಂಗಿ ಅಂದ್ರ ಆಕಿ ಮನಸ್ಸು ಹೊಳ್ಳಬಹುದು, ಮೊದಲ ನಂದು ಆಗ್ಲಿ, ಆಮ್ಯಾಲ ನಿಂದು ನೋಡೂಣು ಅಂದಾರ. ಬಾಯಿ ತಗದೀ ಅಂದ್ರ ನಿನ್ನ ತಟ್ಟೀನೂ ಕೊಟ್ಟಿಗ್ಯಾಗ ಇಡ್ತೀನಿ ಅಂದಾರ.’

ನನಗೆ ಅವಳ ಮೇಲೆ ಕನಿಕರ ಬರಲಿಲ್ಲ ಎಂದರೆ ಕೆಟ್ಟದಾಗಿ ಕೇಳಿಸಬಹುದು. ಬರಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಹೊಸ ಸೀರೆ ಉಟ್ಟು ನಿಂತ ಅವಳೇ ಕಣ್ಣ ಮುಂದೆ ಬಂದಳು. ಆದರೂ ಹುಣ್ಣನ್ನು ಒರೆಸಿ ತೆಗೆದ ಹತ್ತಿಯನ್ನು ಯಂತ್ರಕ್ಕೆ ಕೊಟ್ಟೆ. ಗಾಯದ ಬಗೆ ಅವ್ವನದೇ, ಅಪ್ಪನದೇ. ಮೈಯ ಗುರುತಂತೂ ಅಪ್ಪನಿಗಿಂತ ಎಷ್ಟೋ ಹತ್ತಿರ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ.

ಮನೆಗೆ ಬಂದ ಮೇಲೆ ಅವ್ವ ಒಲೆಯ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಜೋಳದ ನುಚ್ಚು ಕುದಿಯುತ್ತಿತ್ತು. ನಾನು ಕೂಗಾಡಿದೆ.

‘ಯಾರಿಗೂ ಕೊಡಬ್ಯಾಡ ಅವ್ವಾ! ನಿನ್ನ ಬಾಯಿ ಮತ್ತ ಸುಟ್ಕೋಬೇಕೇನು ಇವರ ಸಲುವಾಗಿ? ಅವ ಸಾಯ್ಲಿ. ಆಕಿನೂ ಸಾಯ್ಲಿ. ನಿನ್ನ ತಟ್ಟಿ ಕೊಟ್ಟಿಗಿಗೆ ಹೋದಾಗ ಆಕಿ ಒಂದು ಮಾತರ ಆಡಿದಳೇನು?’

‘ಇಲ್ಲ,’ ಎಂದಳು ಅವ್ವ.

‘ಮತ್ತ?’

‘ನಾಳೆ ಡಾಕ್ಟರಿಗೆ ಹೇಳು. ಸಿಪಾಯಿಗಳನ್ನ ಎಬ್ಬಿಸ್ಲಿ.’

ಅಷ್ಟೇ. ನಾನು ತಟ್ಟೆ ದೂಡಿ ಎದ್ದು ಹೋದೆ. ಒದ್ದವನ ಕಾಲನ್ನೇ ಒತ್ತುವ ಇಂಥ ಹೆಂಗಸರಿಂದಲೇ ಅಪ್ಪನಂಥವರು ಬದುಕುವುದು ಎಂದು ಅವಳಿಗೂ ಕೇಳುವ ಹಾಗೆ ಬೈದೆ.

ಎಬ್ಬಿಸುವ ಕೆಲಸ ಡಾಕ್ಟರ್ ಹೇಳಿದ್ದಕ್ಕಿಂತ ಕಠಿಣವಾಯಿತು. ಚುಚ್ಚಿದ ಸಂಜೆಯೇ ಅವ್ವನ ಗಲ್ಲ ಬಾತು ಕಣ್ಣು ಮುಚ್ಚಿತು. ಜ್ವರದಲ್ಲಿ ಮಾತು ಪೂರ್ತಿ ಹೋಯಿತು. ನೀರನ್ನು ಹತ್ತಿಯಲ್ಲಿ ಅದ್ದಿ ತುಟಿಗೆ ಹಚ್ಚಬೇಕಾಯಿತು. ಅಪ್ಪ ಒಮ್ಮೆ ವಾರ್ಡಿನ ಬಾಗಿಲಿಗೆ ಬಂದ. ಹೇಗಿದ್ದಾಳೆಂದು ಕೇಳಲು ಬಂದನೇನೋ ಎಂದುಕೊಂಡೆ.

‘ಕಣ ಸಾಕಷ್ಟು ಬಂದಾವೇನು?’ ಎಂದ.

ಆ ಕ್ಷಣ ಅವನ ಕುತ್ತಿಗೆ ಹಿಸುಕಬೇಕೆನಿಸಿತು. ಅದಕ್ಕಿಂತ ಸುಲಭದ ದಾರಿಯೂ ನನ್ನ ಕೈಯಲ್ಲಿತ್ತು. ಅವ್ವನ ರಕ್ತದಿಂದ ಬೇರ್ಪಡಿಸಿದ ಸಿಪಾಯಿಗಳು ಗಾಜಿನ ಗೋಡೆಯಾಚೆ, ಕಣ ಬೆಳೆಸುವ ನಮ್ಮ ವಿಭಾಗದ ಬಿಸಿ ಪೆಟ್ಟಿಗೆಯಲ್ಲಿ ಬೆಳೆಯುತ್ತಿದ್ದವು. ಸಂಬಂಧಿಕರ ಕಣಗಳನ್ನು ನಾವು ಮುಟ್ಟುವಂತಿಲ್ಲ, ಅವನ್ನು ಬೇರೆಯವರು ನೋಡಿಕೊಳ್ಳುತ್ತಿದ್ದರು. ಆದರೆ ಬಾಗಿಲು ನನ್ನ ಬೆರಳಿಗೆ ತೆರೆಯುತ್ತಿತ್ತು. ಬಿಸಿಯನ್ನು ತುಸು ಏರಿಸಿದರೆ ಸಾಕು, ಸಿಪಾಯಿಗಳೆಲ್ಲ ಬೆಂದುಹೋಗುತ್ತವೆ. ಅಪ್ಪನಿಗೆ ಕೊಡಲು ಏನೂ ಉಳಿಯುವುದಿಲ್ಲ. ಪರದೆಯ ಮೇಲೆ ಅವು ದುಂಡಗೆ, ತುಂಬಿಕೊಂಡು ಕಾಣುತ್ತಿದ್ದವು. ಪರೀಕ್ಷೆಗೆಂದು ಗಡ್ಡೆಯ ಕೋಶವೊಂದನ್ನು ಬಿಟ್ಟರೆ ನಾಲ್ಕೈದು ಕೂಡಿ ಮುತ್ತಿ ಅದನ್ನು ಚೂರು ಮಾಡುತ್ತಿದ್ದವು. ಈ ಸಿಟ್ಟೆಲ್ಲ ಅವ್ವನ ಮೈಯೊಳಗೇ ಇತ್ತಲ್ಲ ಎಂದು ಮೊದಲ ಸಲ ಹೊಳೆಯಿತು.

ಅವ್ವನಿಗೆ ನನ್ನ ಮುಖ ಓದುವುದು ಗೊತ್ತು. ಜ್ವರ ಇಳಿದ ಮೇಲೆ ಮೊದಲು ಆಡಿದ ಮಾತೇ ಅದು.

‘ನೀ ಕೈ ಹಾಕಬ್ಯಾಡ, ಶಿವಲೀಲಾ. ನಿನ್ನ ನೌಕರಿ ಹೋಗ್ತೈತಿ.’ ಉಸಿರು ತೆಗೆದುಕೊಂಡಳು. ‘ಮತ್ತ ಸೇಡು ನಂದು. ನಿಂದಲ್ಲ.’

ಸೇಡು ಎಂಬ ಮಾತು ಅವ್ವನ ಬಾಯಿಂದ ಬಂದದ್ದು ಕೇಳಿ ನಾನು ಬೆಪ್ಪಾದೆ. ಮುಂದೆ ಕೇಳಿದರೆ ಕಣ್ಣು ಮುಚ್ಚಿಕೊಂಡಳು. ಮಾರನೆಯ ದಿನ ಡಾಕ್ಟರರನ್ನು ಒಳಗೆ ಕರೆದು ನನ್ನನ್ನು ಹೊರಗೆ ಕಳಿಸಿದಳು.

ಕೇಂದ್ರದಲ್ಲಿ ಒಂದು ಪದ್ಧತಿಯಿದೆ. ಬೆಳೆಸಿದ ಕಣಗಳನ್ನು ಕೂಡಿಡಲು ಬರುವುದಿಲ್ಲ, ತಯಾರಾದ ದಿನವೇ ಏರಿಸಬೇಕು. ಅಂದು ರೋಗಿಗೆ ಜ್ವರವೋ ಮತ್ತೊಂದೋ ಬಂದು ಏರಿಸಲಾಗದಿದ್ದರೆ ಎಲ್ಲ ಹಾಳು. ಹಾಗಾಗಿ ಹೊಂದುವ ಇನ್ನೊಬ್ಬ ರೋಗಿಗೂ ಬಂದ್ ಗುಳಿಗಿ ಕೊಟ್ಟು ಮೀಸಲಿಟ್ಟಿರುತ್ತಾರೆ. ಅಪ್ಪನಿಗೆ ಮೀಸಲಾಗಿ ಚಿಕ್ಕವ್ವನನ್ನು ಹಾಕಿದ್ದು ತಿಳಿದಾಗ ಅವನು ಮೊದಲು ಕೂಗಾಡಿದ, ಅವಳ ಹುಣ್ಣಿನ ಸುದ್ದಿ ಯಾರು ಹೇಳಿದರೆಂದು ಅವಳ ಕೈ ತಿರುಚಿದ. ಮೀಸಲು ಬರೀ ಹೆಸರಿಗೆ ಎಂದು ಗೊತ್ತಾದ ಮೇಲೆ ತಣ್ಣಗಾದ. ‘ಆಕಿದು ಮುಂದಿನ ಸಲ ನೋಡೂಣು ಬಿಡ್ರಿ,’ ಎಂದ. ಮುಂದಿನ ಸಲ ಎಂಬುದು ಇಲ್ಲವೆಂದು ಅವನಿಗೂ ಗೊತ್ತಿತ್ತು.

ಏರಿಸುವ ದಿನ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಮಲಗಿಸಿದ್ದರು. ಗುಳಿಗಿಯ ಉರಿಯಿಂದ ಇಬ್ಬರ ಬಾಯಿಯೂ ಕೆಂಡವಾಗಿತ್ತು. ಅಪ್ಪ ಆ ಉರಿಯಲ್ಲೂ ನರ್ಸಿಗೆ ಮುಂದಿನ ವಾರದಿಂದ ಅಂಗಡಿಗೆ ಹೋಗಬಹುದೇ ಎಂದು ವಿಚಾರಿಸುತ್ತಿದ್ದ. ಚಿಕ್ಕವ್ವ ಗೋಡೆಗೆ ಮುಖ ಮಾಡಿಕೊಂಡಿದ್ದಳು. ಡಾಕ್ಟರ್ ಕಣಗಳ ಚೀಲ ಹಿಡಿದುಕೊಂಡು ಬಂದರು, ಹಿಂದೆ ಗಾಲಿಕುರ್ಚಿಯಲ್ಲಿ ಅವ್ವ. ಚೀಲ ಹಚ್ಚುವ ಮುಂಚೆ, ಯಾರಿಗೆ ಕೊಡುತ್ತೇನೆಂದು ದಾನಿ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಮನೆಯವರ ಹೆದರಿಕೆಗೆ ಒಪ್ಪಿಕೊಂಡು ಬಂದವರಿಗೆ ಕೊನೆಯ ಗಳಿಗೆಯವರೆಗೂ ಬಿಡುಗಡೆ ಇರಲಿ ಎಂದು ಮಾಡಿದ ನಿಯಮ ಅದು.

‘ಹೇಳ್ರಿ ನೀಲವ್ವಾರ,’ ಎಂದರು ಡಾಕ್ಟರ್.

ಅಪ್ಪ ಆಗಲೇ ಅಂಗಿಯ ತೋಳು ಮಡಿಚಿ ಕೈ ಮುಂದೆ ಚಾಚಿದ್ದ.

‘ಕಸ್ತೂರಿಗೆ,’ ಎಂದಳು ಅವ್ವ.

ಅಪ್ಪ ತನಗೆ ಸರಿಯಾಗಿ ಕೇಳಿಸಲಿಲ್ಲವೆಂಬಂತೆ ಡಾಕ್ಟರರ ಮುಖ ನೋಡಿದ. ಡಾಕ್ಟರ್ ನೆಟ್ಟಗೆ ಚಿಕ್ಕವ್ವನ ಮಂಚದ ಕಡೆ ಹೋದರು. ಅವರಿಗೆ ಮೊದಲೇ ಗೊತ್ತಿತ್ತು. ದಾನಿ ಬಾಯಿ ಬಿಡುವವರೆಗೆ ಅದನ್ನು ಹೊರಗೆ ಹಾಕುವ ಅಧಿಕಾರ ಅವರಿಗಿರಲಿಲ್ಲ.

‘ಏ ನೀಲಿ!’ ಅಪ್ಪ ಎದ್ದು ಕೂತ. ‘ತಲಿ ಕೆಟ್ಟೈತೇನು ನಿನಗ? ನನ್ನ ಗಡ್ಡಿ ಚುಚ್ಚಿಸ್ಕೊಂಡು ಎಬ್ಬಿಸಿದ್ದು ಅವು! ನನ್ನವು ಅವು!’

‘ಅಲ್ಲ ಮಾವಾ. ನನ್ನವು.’

‘ಆಕಿ ನಿನ್ನ ಸಂಸಾರಾ ಮುರದಾಕಿ! ನಿನ್ನ ಗಂಡನ್ನ ಕಸ್ಕೊಂಡಾಕಿ! ಆಕಿಗೆ ಕೊಡ್ತೀಯೇನು?’

‘ಕಸ್ಕೊಂಡಾಕಿ ಅಲ್ಲ. ಎಳಕೊಂಡು ಬಂದವ್ರು ನೀವು. ಹಕ್ಕು ಅಂದ್ರಿ.’ ಅವ್ವ ಒಂದೊಂದೇ ಅಕ್ಷರ ಹಲ್ಲಿಲ್ಲದ ಕಡೆಯಿಂದ ಬಿಡಿಸಿ ತೆಗೆದು ಹೇಳುತ್ತಿದ್ದಳು, ಆದರೆ ಒಂದು ಮಾತೂ ಯಾರಿಗೂ ತಪ್ಪಲಿಲ್ಲ. ‘ನಾ ಮೊದಲ ದಿನಾನ ಇಲ್ಲ ಅನ್ನಬಹುದಿತ್ತು. ಅಂದಿದ್ರ ನೀವು ಬೈದು ಆವತ್ತ ಆಪರೇಶನ್ನಿಗೆ ಹೋಗ್ತಿದ್ರಿ. ಕಾಯ್ಲಿ ಅಂದೆ. ಬಾಯಿ ಉಳೀತೈತಿ ಅಂತ ಆಸೆ ಇಟ್ಕೊಂಡು ಕಾಯ್ಲಿ. ನಾ ಆ ಮನ್ಯಾಗ ಕಾಯ್ದಂಗ.’

ಅಪ್ಪನ ಸೊಕ್ಕು ಆಗ ಇಳಿಯಿತು. ಕೈ ಮುಗಿದ. ಜನ್ಮದಲ್ಲಿ ಮೊದಲ ಸಲ ನಾನು ಅವನ ಕಣ್ಣಲ್ಲಿ ನೀರು ನೋಡಿದೆ.

‘ನೀಲಾ, ನಿನ್ನ ಕಾಲಿಗೆ ಬೀಳ್ತೀನವ್ವಾ. ದವಡಿ ತಗದ್ರ ನಾ ಹ್ಯಾಂಗ ಮಂದಿ ಮುಂದ ಹೋಗಲಿ? ನಾ ಹ್ಯಾಂಗ ಬದುಕಲಿ?’

‘ಆಪರೇಶನ್ ಐತಲ್ಲ ಮಾವಾ. ಗುಳಿಗಿಯಿಂದ ಗಡ್ಡಿ ಬೆಳದಿಲ್ಲ, ತಡಾ ಆಗಿಲ್ಲ ಅಂತ ಡಾಕ್ಟರನ್ನ ಕೇಳೇ ಇಷ್ಟು ಮಾಡೇನಿ. ಜೀವ ಹೋಗೂದಿಲ್ಲ. ನಾ ಬದುಕಿಲ್ಲೇನು? ನೀವೂ ಬದುಕ್ತೀರಿ.’

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಮುರಿಯಿತು. ಅವನು ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದ. ನಾನು ಮುಖ ತಿರುಗಿಸಲಿಲ್ಲ, ನೋಡುತ್ತ ನಿಂತೆ. ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತುಂಬುವಷ್ಟು ಸಂತೋಷವಾಯಿತು. ನಾನು ಬೇಡಿಕೊಂಡಿದ್ದ ಸಾವು ಇದರ ಮುಂದೆ ಏನೂ ಅಲ್ಲ. ಅವನನ್ನು ಶಸ್ತ್ರಚಿಕಿತ್ಸೆಯ ವಿಭಾಗಕ್ಕೆ ಕರೆದೊಯ್ಯಲು ಬಂದವರು ಮಂಚ ತಳ್ಳಿಕೊಂಡು ಹೋಗುವಾಗಲೂ ಅವನು ಅವ್ವನ ಹೆಸರು ಕೂಗುತ್ತಿದ್ದ. ಸ್ಪಷ್ಟವಾಗಿ, ಗಟ್ಟಿಯಾಗಿ, ಸಂತೆಗೆಲ್ಲ ಕೇಳುವಂಥ ಆ ಧ್ವನಿಯಲ್ಲಿ.

ಚೀಲದಿಂದ ಕಣಗಳು ಚಿಕ್ಕವ್ವನ ತೋಳಿಗೆ ಇಳಿಯತೊಡಗಿದವು. ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

‘ಅಕ್ಕಾ, ನನ್ನ ಮ್ಯಾಲ ನಿನಗ ಸಿಟ್ಟಿಲ್ಲೇನು?’

ಅವ್ವ ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು ಮಂಚದ ಹತ್ತಿರ ಹೋದಳು. ತಂಗಿಯನ್ನು ಮುಟ್ಟಲಿಲ್ಲ. ನಳಿಕೆ ಸರಿಯಾಗಿ ಇದೆಯೇ ಎಂದು ಮಾತ್ರ ನೋಡಿದಳು.

‘ಐತಿ. ಭಾಳ ಐತಿ,’ ಎಂದಳು. ‘ಸತ್ತವರ ಮ್ಯಾಲ ಸಿಟ್ಟು ಮಾಡಾಕ ಬರೂದಿಲ್ಲ, ಅದಕ್ಕ ಮೊದಲ ನೀ ಬದುಕು.’